ಶಿಫ್ಟ್ ಒತ್ತಿದರೆ ಮಹಾಪ್ರಾಣ

1874ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಮಾರಾಟಕ್ಕೆ ಬಿಟ್ಟ ಟೈಪ್‌ರೈಟರ್‌ಗೆ ದೊಡ್ಡಕ್ಷರ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಪ್ರೇಮಪತ್ರ ಬರೆದರೂ ಗದರಿಸಿದಂತೆಯೇ. ಸಣ್ಣಕ್ಷರಕ್ಕೂ ದಾರಿ ಮಾಡಿಕೊಟ್ಟ ಶಿಫ್ಟ್ ಕೀಲಿ ಬಂದದ್ದು 1878ರಲ್ಲಿ.

ಆ ಶಿಫ್ಟಿಗೆ ಕನ್ನಡದಲ್ಲಿ ಸಿಕ್ಕ ನೌಕರಿಯೇ ಬೇರೆ. ಕೆ.ಪಿ. ರಾವ್ ರೂಪಿಸಿದ, ಮುಂದೆ ‘ನುಡಿ’ ತಂತ್ರಾಂಶದಲ್ಲಿ ಮನೆಮಾತಾದ ಕೀಲಿಮಣೆ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಮಹಾಪ್ರಾಣಕ್ಕೆ ಉಸಿರು ಜೋರಾಗಿ ಬಿಡಬೇಕಿಲ್ಲ, ಕಿರುಬೆರಳು ಸಾಕು! ಕನ್ನಡದಲ್ಲಿ ಕೆಲಸವಿಲ್ಲದೆ ಕೂತಿದ್ದ ಕ್ಯೂಗೆ ಟ, ಎಕ್ಸ್‌ಗೆ ಷ, ಡಬ್ಲ್ಯೂಗೆ ಡ ವಹಿಸಲಾಯಿತು. (ಡಬ್ಲ್ಯೂ ಬಾಯಲ್ಲಿ ಮೊದಲೇ ಡ ಇತ್ತೆನ್ನಿ.)

ನಿಜವಾದ ಯಜಮಾನಿಕೆ ಎಫ್‌ನದು. ತಾನಾಗಿ ಒಂದಕ್ಷರವನ್ನೂ ಬರೆಯದ ಈ ಮಹಾಶಯ, ಹಿಂದಿನ ವ್ಯಂಜನದ ಸ್ವರ ಕಿತ್ತು, ಮುಂದಿನದನ್ನು ಅದರ ಕಾಲಡಿಗೆ ಒತ್ತಾಗಿ ತಳ್ಳುತ್ತಾನೆ. ಎಲ್, ಕೆ, ಎಫ್, ಎಕ್ಸ್, ಎಫ್, ಎಂ, ಐ ಎಂದು ಏಳು ಸಲ ಕುಟ್ಟಿದರೆ ಪರದೆಯ ಮೇಲೆ ‘ಲಕ್ಷ್ಮಿ’ ಪ್ರತ್ಯಕ್ಷ.

ಎರಡನೆಯ ಎಫ್ ತಪ್ಪಿತೋ, ‘ಲಕ್ಷಮಿ’! ಮದುವೆ ಕರೆಯೋಲೆ ಅಚ್ಚಿಗೆ ಹೋಗುವ ಮುನ್ನ ಡಿಟಿಪಿ ಅಂಗಡಿಯವರು “ಹೆಸರೊಂದು ನೋಡ್ಬಿಡಿ ಸಾರ್” ಎನ್ನುವುದು ಸುಮ್ಮನೆ ಅಲ್ಲ.