ಸ್ವಯಂಸೇವಕರ ಆತ್ಮಪರಿಚಯ

1996ರಲ್ಲಿ ಫ್ರೀವಿನ್95 ಎಂಬ ಹೆಸರಿನಿಂದ, ವಿಂಡೋಸ್ 95ಕ್ಕೆ ಪ್ರತಿಯಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ನಿರ್ಮಿಸುವೆವೆಂದು ಹೊರಟು, ಚರ್ಚೆಯಲ್ಲಿಯೇ ಕಾಲವನ್ನು ಕಳೆದು, 1998ರಲ್ಲಿ ರಿಯಾಕ್ಟ್‌ಓಎಸ್ ಎಂಬ ನೂತನ ನಾಮಧೇಯವನ್ನು ಧರಿಸಿದ ಯೋಜನೆಯ ಬಾಗಿಲಿಗೆ, ಅದು ಇಂದಿಗೂ 'ಆಲ್ಫಾ' ಎಂಬ ಶೈಶವಾವಸ್ಥೆಯನ್ನು ದಾಟಿಲ್ಲವೆಂಬುದನ್ನು ಅರಿತೂ, ಉತ್ಸಾಹಿಗಳು ಬರುತ್ತಲೇ ಇರುವರು.

"ತಮಗೆ ಸಿ ಭಾಷೆ ಬರುವುದೋ?" ಎಂದು ಹಿರಿಯ ಸ್ವಯಂಸೇವಕರು ಕೇಳಿದರು.

"ಇನ್ನೂ ಇಲ್ಲ, ಸ್ವಾಮಿ, ಆದರೆ ಲಾಂಛನವು ನೀಲವರ್ಣದ್ದಾಗಿರಕೂಡದೆಂಬ ವಿಷಯದಲ್ಲಿ ನನ್ನದು ದೃಢವಾದ ಅಭಿಪ್ರಾಯ."

"ಕರ್ನೆಲ್ಲಿನ ದೋಷಗಳನ್ನು ತಿದ್ದಬಲ್ಲಿರಾ?"

"ತೋರಿಸಬಲ್ಲೆ, ಇಡೀ ಕರ್ನೆಲ್ಲನ್ನೇ ಬೇರೊಂದು ಭಾಷೆಯಲ್ಲಿ ಪುನಃ ರಚಿಸಿರೆಂದು ಸಲಹೆಯನ್ನೂ ಕೊಡಬಲ್ಲೆ."

ಸಲಹೆಗಳ ಉಗ್ರಾಣವು (ಇಂತಹ ಯೋಜನೆಗಳಲ್ಲಿ ಎಂದಿಗೂ ಬರಿದಾಗದ ಉಗ್ರಾಣವದೊಂದೇ) ಆಗಲೇ ತುಂಬಿ ತುಳುಕುತ್ತಿದ್ದಿತು.

"ನಾನು ಎಲ್ಲವನ್ನೂ ಬಲ್ಲೆ, ಸೋರಿಕೆಯಾದ ವಿಂಡೋಸಿನ ಸೋರ್ಸ್ ಕೋಡನ್ನು ಆದ್ಯಂತವಾಗಿ ಪಠಿಸಿರುವೆನು," ಎಂದು ಸಗರ್ವವಾಗಿ ನುಡಿದ ಎರಡನೆಯ ಉತ್ಸಾಹಿಗೆ, ನಕಲಿನ ಆರೋಪ ಬಂದುದರಿಂದ 2006ರಲ್ಲಿ ತಮ್ಮ ಕೋಡನ್ನೇ ಪರಿಶೋಧನೆಗೆ ಒಳಪಡಿಸಿದ್ದ ಆ ಸಜ್ಜನರು ಕೈಮುಗಿದು ಹೇಳಿದರು: "ಅಷ್ಟು ಬಲ್ಲವರಿಗೆ ನಿಯಮಾನುಸಾರ ಇಲ್ಲಿ ಪ್ರವೇಶವಿಲ್ಲ, ತಾವು ಇನ್ನು ಹೊರಡಬಹುದು."

"ಹಾಗಾದರೆ ನಾನು?" ಎಂದನು ಮೊದಲನೆಯವನು.

"ತಮ್ಮ ಅಜ್ಞಾನವು ನಿಷ್ಕಳಂಕವಾದುದು. ಲಾಂಛನಕ್ಕೆ ಯಾವ ವರ್ಣವೆಂದಿರಿ?"