‘ವಸಿ ಅತ್ಲಾಗ್ ಸರ್ಕಳಿ’: ನಾಲ್ಕು ತಾಲ್ಲೂಕುಗಳ ಛಾಯಾಮೀಮಾಂಸೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ತಾಲ್ಲೂಕು ಚತುಷ್ಟಯದಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಹೊಟ್ಟೆ ಹೊರೆಯುವ ಜೀವಿಗೆ ‘ಫೋಟೋದಣ್ಣ’ ಎಂದು ಹೆಸರು. ಪಾಣಿನಿಗೆ ಸುಮಾರು ನಾಲ್ಕು ಸಾವಿರ ಸೂತ್ರ ಬೇಕಾದವು. ಫೋಟೋದಣ್ಣನಿಗೆ ಒಂದೇ ಸಾಕು: ‘ವಸಿ ಅತ್ಲಾಗ್ ಸರ್ಕಳಿ.’

ಭಾಷ್ಯ: ‘ವಸಿ’ ಎಂಬುದು ಪರಿಮಾಣವಾಚಕ, ಒಂದು ಅಂಗುಲದಿಂದ ಛತ್ರದ ಕಾಂಪೌಂಡಿನ ಆಚೆಯವರೆಗೂ ವ್ಯಾಪ್ತಿ. ‘ಅತ್ಲಾಗ್’ ಎಂದರೆ ಚೌಕಟ್ಟಿಗೆ ಹೊರತಾದ ಯಾವುದೇ ದಿಕ್ಕು. ಸರಿಯಬೇಕಾದವರು ಎಮ್ಮೆ, ಮೊಪೆಡ್ಡು ಮತ್ತು ಸೋದರಮಾವ.

ಸೂತ್ರ ಕ್ಯಾಮೆರಾಕ್ಕಿಂತ ಹಳೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತಷ್ಟೆ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬಾತ ಲಂಡನ್ನಿನಲ್ಲಿ ಆ ಕಾಳಗದ ನೂರಿಪ್ಪತ್ತು ಅಡಿ ಉದ್ದದ ಚಿತ್ರ ಬರೆದು ಜನಕ್ಕೆ ತೋರಿಸಿದ. ಪುಣ್ಯಾತ್ಮ ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಊರಿನ ಚಿತ್ರಕ್ಕಾಗಿ ಊರನ್ನೇ ಅತ್ಲಾಗ್ ಸರಿಸಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಟಿಪ್ಪುವಿನ ಶವವನ್ನು ಬ್ರಿಟಿಷ್ ದಂಡಿನ ಬೇರ್ಡ್ ಕಂಡುಹಿಡಿಯುವ ಡೇವಿಡ್ ವಿಲ್ಕಿಯ ಚಿತ್ರ ಪ್ರದರ್ಶನಕ್ಕೆ ಬಂದದ್ದು, ಘಟನೆ ನಡೆದು ನಲವತ್ತು ವರ್ಷಕ್ಕೆ, 1839ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಗೇರನ ಛಾಯಾಗ್ರಹಣ ವಿಧಾನ ಬಯಲಾಯಿತು.

ಈ ಸೂತ್ರಕ್ಕೆ ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯದು ತಕರಾರು. ಅಲ್ಲಿರುವ 1780ರ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಯಾರನ್ನೂ ಸರಿಸಿಲ್ಲ. ಕುದುರೆಕಾಲಿನ ಸಂದಿಯಲ್ಲೂ ಮನುಷ್ಯರಿದ್ದಾರೆ. ಪಲ್ಲಕ್ಕಿಯೊಳಗೆ ಬೆರಳು ಕಚ್ಚಿಕೊಂಡು ಕೂತ ಬ್ರಿಟಿಷರ ಕರ್ನಲ್ ಬೇಲಿಗೂ ಜಾಗವಿದೆ. ಮದುವೆ ಮನೆಯ ಗ್ರೂಪ್ ಫೋಟೋಕ್ಕೆ ಮಾದರಿ ಇದೇ ಇರಬೇಕೆಂದು ಈ ಮೀಮಾಂಸಕರ ಊಹೆ.

ಅಪವಾದ ಸೂತ್ರ ರಂಗನತಿಟ್ಟಿನಲ್ಲಿ ಸಿಗುತ್ತದೆ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳಲ್ಲಿ, ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆಗೆ ‘ವಸಿ ಅತ್ಲಾಗ್’ ಎಂದವರು ಇದುವರೆಗೆ ಇಲ್ಲ. ದೋಣಿಯನ್ನೇ ಸರಿಸುತ್ತಾರೆ.

ಪಾಂಡವಪುರದ್ದು ಪೋಸಿನ ಪಂಥ. ಊರೇ ಪೋಸು ಬದಲಿಸಿದೆ: ಮೊದಲು ಹಿರೋಡೆ, ಫ್ರೆಂಚರು ಬೀಡುಬಿಟ್ಟ ಮೇಲೆ ಫ್ರೆಂಚ್ ರಾಕ್ಸ್, ಆಮೇಲೆ ಪಾಂಡವಪುರ. ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಯಗೋಪುರ ಅರ್ಧಕ್ಕೆ ನಿಂತಿದೆ. ಮಣಿರತ್ನಂ ಅವರ ‘ದಳಪತಿ’ (1991) ಕುಣಿದು ಹೋದ ಆ ಕಂಬಗಳ ನಡುವೆ ಈಗ ಮದುವೆಗೆ ಮುಂಚಿನ ಫೋಟೋಗಳ ಸರದಿ. ಬಾಡಿಗೆ ಗೌನು ಗಾಳಿಗೆ ಹಾರುತ್ತದೆ. ಪುಳಿಯೋಗರೆ ಪೊಟ್ಟಣ ಬಿಚ್ಚಿ ಕೂತ ಅಜ್ಜಿ ಅತ್ಲಾಗ್ ಸರಿಯುತ್ತಾಳೆ.

ಪೂರ್ವಪಕ್ಷ: ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಇದ್ದರಲ್ಲ, 1977ರ ಪದ್ಮಶ್ರೀ? ಅವರ ಚಿತ್ರಗಳಲ್ಲಿ ಬೀದಿಯ ಜನ, ಮಕ್ಕಳು ತಾವಿದ್ದಲ್ಲೇ ಇದ್ದಾರಲ್ಲ? ಫೋಟೋದಣ್ಣನ ಸಮಾಧಾನ ಚುಟುಕು: ‘ಅವ್ರು ಬೀಗರಿಗೆ ಆಲ್ಬಮ್ ಕೊಡ್ಬೇಕಿತ್ತಾ ಸಾರ್?’

ನಾಗಮಂಗಲದ ಹಿತ್ತಾಳೆ ಕೆಲಸದವರ ಮುಂದೆ ಸೂತ್ರಕ್ಕೆ ಬೇರೆಯೇ ಸಂಕಟ. ಹೊಳಪು ಕೊಟ್ಟ ಬಿಂದಿಗೆಯ ಫೋಟೋ ತೆಗೆಯಹೋದರೆ ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಹಿಡಿದವನೇ ಡೊಂಕಾಗಿ ನಿಂತಿರುತ್ತಾನೆ. ಎಲ್ಲರನ್ನೂ ಸರಿಸಿದವನು ತಾನು ಎತ್ಲಾಗ್ ಸರಿಯಬೇಕು?

ಆದರೆ ಸಿದ್ಧಾಂತಕ್ಕೆ ನಿಜವಾದ ಪೆಟ್ಟು ಬೀಳುವುದು ಸ್ಟುಡಿಯೋದ ಗಲ್ಲಾಪೆಟ್ಟಿಗೆ ಎದುರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಇನ್ನು ಮೂರೇ ದಿನ ಎನ್ನುವಾಗ ಮಗ ಬರುತ್ತಾನೆ. ‘ಅವ್ವಂದು ಒಂದೂ ಫೋಟೋ ಇಲ್ಲ ಕಣಣ್ಣ’ ಎಂದು ಯಾರದೋ ಮದುವೆಯ ಆಲ್ಬಮ್ ಬಿಚ್ಚುತ್ತಾನೆ. ಎಡ ಅಂಚಿನಲ್ಲಿ, ಬಾಳೆಕಂಬದ ಮರೆಯಲ್ಲಿ, ಮುಕ್ಕಾಲು ಮುಖ. ಅಂದು ಅತ್ಲಾಗ್ ಸರಿಸಿದ್ದು ಇದೇ ಫೋಟೋದಣ್ಣ. ಈಗ ಆ ಮುಕ್ಕಾಲನ್ನು ದೊಡ್ಡದು ಮಾಡಿ, ಬಾಳೆಎಲೆ ಅಳಿಸಿ, ಇಲ್ಲದ ಕಿವಿಗೆ ಇರುವ ಕಿವಿಯ ನಕಲು ಅಂಟಿಸಿ, ಹಿಂದೆ ನೀಲಿ ಬಣ್ಣ ತುಂಬುತ್ತಾನೆ. ಕಂಪ್ಯೂಟರಿನ ಪರದೆಯಿಂದ ಮದುಮಕ್ಕಳು, ಬೀಗರು, ಶಾಮಿಯಾನ ಎಲ್ಲ ಒಬ್ಬೊಬ್ಬರಾಗಿ ಅತ್ಲಾಗ್ ಸರಿಯುತ್ತಾರೆ. ಮೀಮಾಂಸಕರು ಇದನ್ನು ‘ಸೂತ್ರವಿಪರ್ಯಯ’ ಎಂದು ಗುರುತು ಹಾಕಿಕೊಂಡು ಸುಮ್ಮನಾಗಿದ್ದಾರೆ.

ಉಳಿದದ್ದು ಕೆ.ಆರ್. ಪೇಟೆ. ಆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಕ್ಯಾಮೆರಾ ಇಲ್ಲದೆಯೇ ಮನೆಯೊಳಗಿನ ದಿನದ ಬದುಕನ್ನು ‘ಮೈಸೂರ ಮಲ್ಲಿಗೆ’ಗೆ (1942) ತಂದರು. ಅದೇ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅಲ್ಲಿ ಆನೆಸಾಲು, ಕುದುರೆಸಾಲು, ಹಂಸದ ಸಾಲು ಅಚ್ಚುಕಟ್ಟಾಗಿ ಕ್ಯಾಮೆರಾಕ್ಕೆ ಸಿಗಲೆಂದು ಫೋಟೋದಣ್ಣ ಒಂದು ಬೆಳಗ್ಗೆ ಬಿಸಿಲು ಕಾದು, ಕೋನ ಹಿಡಿದು, ಜಗತಿಯ ಅಂಚಿನಲ್ಲಿ ಕೂತ ಮುದುಕರೊಬ್ಬರಿಗೆ ಸೂತ್ರ ಹೇಳಿದ.

‘ನೀನೇ ವಸಿ ಸರ್ಕಳಪ್ಪ,’ ಎಂದರು ಅವರು, ‘ಬಿಸ್ಲು ಬರ್ಲಿ. ನಾನು ದಿನಾ ಕುಂತ್ಕಳದು ಇಲ್ಲೇಯ.’

ಅಂದಿನ ಫೋಟೋದಲ್ಲಿ ಆನೆಗಳು ಸೊಗಸಾಗಿ ಬಂದಿವೆ. ಬಲಮೂಲೆಯಲ್ಲಿ ಒಂದು ಮೊಣಕಾಲು, ಅರ್ಧ ಸೇದಿದ ಬೀಡಿ.