ಈ ವರ್ಷ ಕಾಟ ಯಾರದ್ದು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಯಾವ ಮನೆಯ ಜಗಲಿಯಲ್ಲಾದರೂ ಕುಳಿತು, ಕೊಟ್ಟ ಬೆಲ್ಲ-ನೀರು ಕುಡಿದು, ‘ಈ ವರ್ಷ ಕಾಟ ಯಾರದ್ದು?’ ಎಂದು ಕೇಳಿ ನೋಡಿ. ಪ್ರಾಣಿಶಾಸ್ತ್ರದ ಪಾಠ ತಾನಾಗಿ ಶುರುವಾಗುತ್ತದೆ. ಸಿಂಗಾರ ಮುರಿದ ಮಂಗ, ಗದ್ದೆ ತುಳಿದ ಕಾಡುಕೋಣ, ಗೆಣಸು ಬಗೆದ ಹಂದಿ, ಎಲ್ಲವೂ ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಬಂದು ಏನು ತಿಂದು ಏನು ಬಿಟ್ಟವು ಎಂಬ ವಿವರ ಬೈಗುಳದ ನಡುನಡುವೆ ಸಿಗುತ್ತದೆ. ಬೈಯುವುದಕ್ಕಾದರೂ ಸರಿಯಾಗಿ ನೋಡಿರಬೇಕಲ್ಲ!

ಬೆಂಗಳೂರಿನ ಭಾವ ಬೇಸಿಗೆ ರಜೆಗೆ ಮಕ್ಕಳನ್ನು ‘ನೇಚರ್’ ತೋರಿಸಲು ಕರೆತರುತ್ತಾರೆ. ಕೊರಳಲ್ಲಿ ದುರ್ಬೀನು, ಮಕ್ಕಳ ಕೈಗೊಂದು ನೋಟ್‌ಬುಕ್ಕು. ಅದರಲ್ಲಿ ಹೆಸರು, ಆಹಾರ, ಕೂಗು ಎಂದು ಗೆರೆ ಎಳೆದ ಮನೆಗಳು. ಅಮ್ಮನಿಗೆ ಇದೆಲ್ಲ ವಿಚಿತ್ರ. ಅಳಿಯನಿಗೆ ನೇರವಾಗಿ ಹೇಳುವ ಹಾಗಿಲ್ಲ. ಅಕ್ಕನ ಕಡೆ ತಿರುಗಿ, ‘ಮಂಗ ನೋಡೋಕೆ ಅಷ್ಟು ದೂರದಿಂದ ಬರ್ಬೇಕಾ? ನಾಲ್ಕು ಹಿಡ್ಕೊಂಡೇ ಹೋಗ್ಲಿ, ಬಸ್ ಚಾರ್ಜು ನಾನು ಕೊಡ್ತೆ’ ಎನ್ನುತ್ತಾಳೆ.

ಭಾವನಿಗೆ ಬೇಕಾದದ್ದು ಸಿಂಗಳೀಕ. ಅದರ ಹೆಸರಿನಲ್ಲೇ 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಹಿಗ್ಗಿಸಿದ್ದೂ ಅವರಿಗೆ ಗೊತ್ತು. ಆದರೆ ಸಿಂಗಳೀಕ ಮರದ ಮೇಲೇ ಸಂಸಾರ ಹೂಡಿರುವ ಸಂಕೋಚದ ಜೀವ. ಜೋಗದ ದಾರಿಯಲ್ಲಿ ಕಾರು ನಿಲ್ಲಿಸಿ ಮೇಲೆ ನೋಡುತ್ತ ನಿಂತ ಭಾವನಿಗೆ ದಕ್ಕಿದ್ದು ಕತ್ತುನೋವು. ಅಷ್ಟರಲ್ಲಿ ಸಾದಾ ಮಂಗವೊಂದು ಕಿಟಕಿಯಿಂದ ಚಿಪ್ಸ್ ಪೊಟ್ಟಣ ಎತ್ತಿಕೊಂಡು ಹೋಗಿತ್ತು.

ಮಕ್ಕಳು ಮಾತ್ರ ಅಜ್ಜಿಯ ಬೆನ್ನು ಹಿಡಿದರು. ತೋಟದಂಚಿನ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯ ಬಾಣಂತನ ನಡೆದಿತ್ತು. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಂಡಿದೆ. ಕಂಡದ್ದು ಒಂದು ಸೀಳು, ಅದರಲ್ಲಿ ಕೊಕ್ಕಿನ ತುದಿ. ಗಂಡು ಬಂದು ತೊಗಟೆಗೆ ಆತುಕೊಂಡು, ಕತ್ತು ಕೊಂಕಿಸಿ, ಗಂಟಲೊಳಗಿಂದ ಅತ್ತಿಹಣ್ಣನ್ನು ಒಂದೊಂದಾಗಿ ಹೊರತೆಗೆದು ಸೀಳಿಗೆ ಇಟ್ಟಿತು. ‘ನೋಡೇ, ಹೆಂಡತಿ ಕೂತಲ್ಲಿಗೇ ಊಟ’ ಎಂದಳು ಅಮ್ಮ, ಮತ್ತೆ ಅಕ್ಕನ ಕಡೆ ತಿರುಗಿ. ಭಾವ ದುರ್ಬೀನು ಒರೆಸತೊಡಗಿದರು.

ಬೇಸಿಗೆಯಲ್ಲಿ ಕಾಡಿನೊಳಗೆ ಮಕ್ಕಳನ್ನು ಬಿಡಲು ಅಮ್ಮ ಒಪ್ಪುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವ ಕಾಲದೊಳಗೇ ಈ ರಜೆಯ ದಿನಗಳೂ ಬರುತ್ತವೆ. ಹೊರಗೆ ಹೋಗಲೇಬೇಕೆಂದರೆ ಮಳೆಗಾಲದಲ್ಲಿ ಮಂಡಗದ್ದೆ ಇದೆ. ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ತೀರ್ಥಹಳ್ಳಿ ರಸ್ತೆಯ ಬದಿಯಲ್ಲಿ ನಿಂತರೇ ಕಾಣುತ್ತವೆ. ಉಳಿದ ಕಾಲಕ್ಕೆ ಜಗಲಿ ಸಾಕು; ಮಂಗಗಳ ಸುದ್ದಿ ಅಲ್ಲಿಗೇ ಬರುತ್ತದೆ.

ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಮಂಗಗಳನ್ನು ಓಡಿಸಲು ನಾಯಿಯ ಮೈಗೆ ಹುಲಿಪಟ್ಟೆ ಬಳಿದ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅಮ್ಮನಿಗೆ ಇದ್ದ ಚಿಂತೆ ಬೇರೆ: ‘ಮಂಗ ಹೆದರಿತೋ ಇಲ್ವೋ, ನೀರು ಕುಡಿಯೋಕೆ ಬಗ್ಗಿದ ನಾಯಿಯ ಗತಿ ಎಂತ?’

ಮಕ್ಕಳು ಮಂಗಟ್ಟೆ ನೋಡಿದ ರಜೆಯಲ್ಲೇ ಮಂಗಗಳ ಹಿಂಡು ಕೆಲವು ದಿನ ತೋಟಕ್ಕೆ ಬರಲಿಲ್ಲ. ನಾವೆಲ್ಲ ಬಾಳೆಗೊನೆ ಉಳಿಯಿತೆಂದು ಹಿಗ್ಗಿದೆವು; ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಮಂಗ ಸತ್ತು ಬೀಳುವುದು ಕಾಯಿಲೆಯ ಮುನ್ಸೂಚನೆ. ‘ಸತ್ತದ್ದು ಕಂಡ್ರೆ ಹತ್ತಿರ ಹೋಗ್ಬೇಡಿ, ನಂಗೆ ಹೇಳಿ, ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡ್ಬೇಕು’ ಎಂದು ಮಕ್ಕಳಿಗೆ ತಾಕೀತು ಮಾಡಿದಳು. ಆಮೇಲೊಂದು ಬೆಳಿಗ್ಗೆ ಇಡೀ ಹಿಂಡು, ಕುಂಟ ಗಡವನ ಸಮೇತ, ಬಾಳೆಯ ಮೇಲೆ ಎರಗಿತು. ಅಮ್ಮ ಕೋಲು ಹಿಡಿದು ಓಡಿದಳು. ಅಷ್ಟು ಸಂಭ್ರಮದ ಬೈಗುಳವನ್ನು ನಾನು ಕೇಳಿರಲಿಲ್ಲ.

ಅಕ್ಕನ ಮಗಳು ಅಂದು ನೋಟ್‌ಬುಕ್ ತುಂಬಿದಳು. ಹೆಸರು: ಕುಂಟ. ಆಹಾರ: ನಮ್ಮ ಬಾಳೆಹಣ್ಣು. ಕೂಗು: ಅಜ್ಜಿಯದು.